ಹರಳನ್ನು ಒತ್ತಿ ನೋಡಿದ ಮೇಷ್ಟ್ರು

ಪಿಯರ್ ಕ್ಯೂರಿ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಮೇರಿ ಕ್ಯೂರಿ. ಫೋಟೋದಲ್ಲಿ ಮೇರಿ ಪಕ್ಕ ನಿಂತಿರೋ ಗಡ್ಡದ ಮನುಷ್ಯ, ರೇಡಿಯಂ, ನೊಬೆಲ್, ಅಲ್ಲಿಗೆ ಮುಗೀತು. ಈ ಬರಹದಲ್ಲಿ ರೇಡಿಯಂ ಸ್ವಲ್ಪವೇ ಬರುತ್ತೆ. ನಾನು ಹೇಳೋಕೆ ಹೊರಟಿರೋದು ಮೇರಿಯ ಪರಿಚಯ ಆಗೋದಕ್ಕೆ 14 ವರ್ಷ ಮೊದಲು ಪಿಯರ್ ಮಾಡಿದ ಕೆಲಸದ ಬಗ್ಗೆ. ಆಗ ಅವರಿಗೆ 21 ವರ್ಷ, ಅಂದ್ರೆ ನಮ್ಮ ಫೈನಲ್ ಇಯರ್ ಸೀನಿಯರ್‌ಗಳ ವಯಸ್ಸು. ಆ ಕೆಲಸ ಇವತ್ತು ಹೃದಯದ ರಕ್ತನಾಳಗಳ ಒಳಗೆ ಓಡಾಡ್ತಾ ಇದೆ.

ಮೊದಲು ಆ ರಕ್ತನಾಳದ ಕಥೆ ಹೇಳಿಬಿಡ್ತೀನಿ. ಇಲ್ಲಾಂದ್ರೆ ಹರಳಿನ ಕಥೆ ಯಾಕೆ ಅಂತ ಗೊತ್ತಾಗಲ್ಲ.

ಹಾರ್ಟ್ ಅಟ್ಯಾಕ್ ಆದ ಮನೆಗಳಲ್ಲಿ ಒಂದು ಮಾತು ಇದ್ದೇ ಇರುತ್ತೆ, ನಿನ್ನೆ ತನಕ ಚೆನ್ನಾಗೇ ಓಡಾಡ್ಕೊಂಡಿದ್ರಲ್ಲ ಅಂತ. ಆ ಮಾತು ಸುಳ್ಳಲ್ಲ. ಸಿಂಕ್ ಪೈಪಿನಲ್ಲಿ ಜಿಡ್ಡು ಕಟ್ಟಿಕೊಂಡ ಹಾಗೆ ಕೊಬ್ಬು ನಿಧಾನವಾಗಿ ತುಂಬಿ ಒಂದು ದಿನ ಪೂರ್ತಿ ಬ್ಲಾಕ್ ಆಗುತ್ತೆ ಅಂತ ನಾವು ಅಂದುಕೊಂಡಿರ್ತೀವಿ. ಎಷ್ಟೋ ಸಲ ಹಾಗೆ ಆಗಲ್ಲ. ಕೊಬ್ಬು ಸೇರೋದು ಪೈಪಿನ ಒಳಮೈ ಮೇಲೆ ಅಲ್ಲ, ಗೋಡೆಯ ಒಳಗೆ. ಇದಕ್ಕೆ ಪ್ಲಾಕ್ ಅಂತಾರೆ. ಪ್ಲಾಕ್ ಬೆಳೆದ ಹಾಗೆ ಗೋಡೆ ಹೊರಗಡೆಗೆ ಉಬ್ಬಿ ಅದಕ್ಕೆ ಜಾಗ ಮಾಡಿಕೊಡುತ್ತೆ, ರಕ್ತ ಹರಿಯೋ ದಾರಿ ಮಾತ್ರ ಹಾಗೇ ಇರುತ್ತೆ. ರಕ್ತನಾಳದ ಒಳಗಿನ ಜಾಗದ ಸುಮಾರು 40% ಪ್ಲಾಕ್ ತುಂಬೋ ತನಕ ದಾರಿ ಕಿರಿದಾಗೋದಿಲ್ಲ ಅಂತ 1987ರಲ್ಲಿ ಅಮೆರಿಕದ ವೈದ್ಯ ಸೀಮೋರ್ ಗ್ಲಾಗೋವ್ ಮತ್ತು ಜೊತೆಗಾರರು ತೋರಿಸಿದರು. ಆಂಜಿಯೋಗ್ರಾಮ್‌ನಲ್ಲಿ ಕಾಣೋದು ಬಣ್ಣ ಬೆರೆಸಿದ ರಕ್ತ ಹರಿಯೋ ದಾರಿ ಅಷ್ಟೇ. ಗೋಡೆ ಕಾಣಲ್ಲ. ದಾರಿ ಚೆನ್ನಾಗಿದ್ರೆ ರಿಪೋರ್ಟೂ ಚೆನ್ನಾಗಿರುತ್ತೆ.

ಇಂಥ ಪ್ಲಾಕ್‌ಗಳಲ್ಲಿ ಒಂದು ಜಾತಿ ಅಪಾಯದ್ದು. ಅದರ ಒಳಗೆ ಸತ್ತ ಜೀವಕೋಶ, ಕೊಬ್ಬು ಸೇರಿದ ಮೆತ್ತನೆ ಮುದ್ದೆ ಇರುತ್ತೆ. ಮೇಲೆ ನಾರಿನ ಒಂದು ತೆಳು ಮುಚ್ಚಳ. ಮುಚ್ಚಳ 65 ಮೈಕ್ರೋಮೀಟರ್‌ಗಿಂತ ತೆಳುವಾಗಿದ್ರೆ ಅಪಾಯ ಅಂತ ಲೆಕ್ಕ, ಹೆಚ್ಚುಕಡಿಮೆ ಒಂದು ತಲೆಕೂದಲಿನ ದಪ್ಪ. ಅದು ಹರಿದರೆ ಒಳಗಿನ ಮುದ್ದೆಗೆ ರಕ್ತ ತಾಕಿ ಹೆಪ್ಪುಗಟ್ಟುತ್ತೆ. ಆ ಹೆಪ್ಪು ದಾರಿ ಮುಚ್ಚುತ್ತೆ. ಡಾಕ್ಟರ್‌ಗಳು ಇದನ್ನ ವಲ್ನರಬಲ್ ಪ್ಲಾಕ್ ಅಂತಾರೆ. ಒಡೆಯೋಕೆ ಕಾಯ್ತಿರೋ ಪ್ಲಾಕ್ ಅಂತ ನಾನು ಅರ್ಥ ಮಾಡ್ಕೊಂಡಿದೀನಿ.

ಅದು ಒಡೆಯೋಕೆ ಮೊದಲೇ ಕಾಣಬೇಕು ಅಂದ್ರೆ ಗೋಡೆಯ ಒಳಗೆ ಏನಿದೆ ಅಂತ ನೋಡಬೇಕು. ಅದಕ್ಕೆ ಇರೋ ಒಂದು ದಾರಿ, ಸುಮಾರು 1 ಮಿಲಿಮೀಟರ್ ದಪ್ಪದ ಕ್ಯಾಥೆಟರ್ ಅನ್ನು ಕೈ ಅಥವಾ ತೊಡೆಯ ರಕ್ತನಾಳದಿಂದ ಹೃದಯದ ತನಕ ತೂರಿಸಿ, ಅಲ್ಲೇ ಅಲ್ಟ್ರಾಸೌಂಡ್ ಮಾಡೋದು. ಹೆಸರು ಐವಿಯುಎಸ್, ಅಂದ್ರೆ ರಕ್ತನಾಳದ ಒಳಗಿನ ಅಲ್ಟ್ರಾಸೌಂಡ್. ಕ್ಯಾಥೆಟರ್ ತುದಿಯಲ್ಲಿ ಒಂದು ಪುಟ್ಟ ಚೂರು ಇರುತ್ತೆ. ಕರೆಂಟ್ ಪಲ್ಸ್ ಕೊಟ್ಟರೆ ಅದು ಅದುರಿ ಶಬ್ದ ಹೊರಡಿಸುತ್ತೆ. ಗೋಡೆಗೆ ಬಡಿದು ಪ್ರತಿಧ್ವನಿ ವಾಪಸ್ ಬಂದಾಗ ಅದೇ ಚೂರು ಅದುಮಿಕೊಂಡು ವೋಲ್ಟೇಜ್ ಕೊಡುತ್ತೆ. ಬಾಯಿ, ಕಿವಿ ಎರಡೂ ಅದೇ. ಈ ಗುಣವನ್ನು ಕಂಡುಹಿಡಿದವರು ಪಿಯರ್ ಮತ್ತು ಅವರ ಅಣ್ಣ ಜಾಕ್.

ಪಿಯರ್ ಹುಟ್ಟಿದ್ದು 1859ರ ಮೇ 15ರಂದು, ಪ್ಯಾರಿಸ್‌ನಲ್ಲಿ. ತಂದೆ ಯೂಜೀನ್ ಕ್ಯೂರಿ ವೈದ್ಯರು. 1871ರಲ್ಲಿ ಪ್ಯಾರಿಸ್ ಕಮ್ಯೂನ್ ದಂಗೆ ಆದಾಗ ಗಾಯಗೊಂಡವರಿಗೆ ಮನೆಯಲ್ಲೇ ಚಿಕಿತ್ಸೆ ಕೊಟ್ಟವರು. ಮನೆಯಲ್ಲಿ ದುಡ್ಡು ಜಾಸ್ತಿ ಇರಲಿಲ್ಲ, ಪುಸ್ತಕ ಇತ್ತು. ಪಿಯರ್ ಸ್ಕೂಲಿಗೆ ಹೋಗಲೇ ಇಲ್ಲ. ಒಂದು ವಿಷಯ ತಲೆಗೆ ಹೊಕ್ಕರೆ ಅದರಲ್ಲೇ ಮುಳುಗೋ ಹುಡುಗ, ಬೆಲ್ ಹೊಡೆದ ತಕ್ಷಣ ಹಿಸ್ಟರಿಯಿಂದ ಮ್ಯಾಥ್ಸ್‌ಗೆ ಹಾರೋದು ಇವನಿಂದ ಆಗಲ್ಲ ಅಂತ ತಂದೆ-ತಾಯಿಗೆ ಗೊತ್ತಾಗಿತ್ತು. ತಾವೇ ಕಲಿಸಿದರು, ಅಣ್ಣನೂ ಕಲಿಸಿದ. 14ನೇ ವಯಸ್ಸಿನಲ್ಲಿ ಆಲ್ಬರ್ಟ್ ಬಾಜಿಲ್ ಅನ್ನೋ ಮೇಷ್ಟ್ರು ಸಿಕ್ಕಿದರು. ಗಣಿತ ಶುರುವಾಯ್ತು, ಆಮೇಲೆ ಹುಡುಗ ಹಿಂದೆ ನೋಡಲಿಲ್ಲ. 16ಕ್ಕೆ ನಮ್ಮ ಪಿಯುಸಿ ಥರದ ಪರೀಕ್ಷೆ, 18ಕ್ಕೆ ಸಾರ್ಬಾನ್ ವಿಶ್ವವಿದ್ಯಾಲಯದಿಂದ ಭೌತಶಾಸ್ತ್ರದ ಡಿಗ್ರಿ. ಡಾಕ್ಟರೇಟ್ ಮಾಡೋಕೆ ದುಡ್ಡಿಲ್ಲ. 1878ರಲ್ಲಿ ಅಲ್ಲೇ ಲ್ಯಾಬ್ ಅಸಿಸ್ಟೆಂಟ್ ಕೆಲಸಕ್ಕೆ ಸೇರಿಕೊಂಡರು. ನಮ್ಮ ಲ್ಯಾಬ್‌ಗಳಲ್ಲಿ ಕನೆಕ್ಷನ್ ಸರಿ ಮಾಡಿಕೊಡೋ ಅಣ್ಣಂದಿರು ಇರ್ತಾರಲ್ಲ, ಹೆಚ್ಚುಕಡಿಮೆ ಆ ಕೆಲಸ.

ಜಾಕ್ ಆಗ ಅದೇ ವಿಶ್ವವಿದ್ಯಾಲಯದ ಖನಿಜ ಲ್ಯಾಬ್‌ನಲ್ಲಿದ್ದರು. ಅಣ್ಣನ ಕೈಯಲ್ಲಿ ಹರಳುಗಳು, ತಮ್ಮನ ಕೈಯಲ್ಲಿ ಅಳೆಯೋ ಉಪಕರಣಗಳು. ಇಬ್ಬರೂ ಸೇರಿ ಟೂರ್ಮಲಿನ್ ಅನ್ನೋ ಹರಳಿನ ಹಿಂದೆ ಬಿದ್ದರು. ಈ ಹರಳನ್ನು 18ನೇ ಶತಮಾನದ ಶುರುವಿನಲ್ಲಿ ಡಚ್ ವ್ಯಾಪಾರಿಗಳು ಸಿಲೋನ್‌ನಿಂದ ಯೂರೋಪಿಗೆ ಒಯ್ದಿದ್ದರು. ಕೆಂಡದಲ್ಲಿ ಬಿಸಿ ಮಾಡಿದರೆ ಬೂದಿಯನ್ನು ಎಳೆದುಕೊಳ್ಳುತ್ತೆ ಅಂತ ಅದಕ್ಕೆ ಬೂದಿ ಎಳೆಯೋ ಕಲ್ಲು ಅಂತಲೇ ಹೆಸರು ಬಿದ್ದಿತ್ತು. ಬಿಸಿ ಆದಾಗ ಅದರ ಎರಡು ತುದಿಗಳಲ್ಲಿ ವಿದ್ಯುತ್ ಚಾರ್ಜ್ ಬರುತ್ತೆ ಅನ್ನೋದು 1880ರ ಹೊತ್ತಿಗೆ ಎಲ್ಲರಿಗೂ ಗೊತ್ತಿದ್ದ ವಿಷಯ.

ಅಣ್ಣ-ತಮ್ಮ ಕೇಳಿಕೊಂಡ ಪ್ರಶ್ನೆ ಸಿಂಪಲ್. ಬಿಸಿ ಮಾಡಿದಾಗ ಹರಳು ಹಿಗ್ಗುತ್ತೆ, ತಣ್ಣಗಾದಾಗ ಕುಗ್ಗುತ್ತೆ. ಚಾರ್ಜ್ ಬರೋದು ಬಿಸಿಯಿಂದಲೋ, ಅಥವಾ ಒಳಗಿನ ಕಣಗಳು ಹತ್ತಿರ-ದೂರ ಆಗೋದರಿಂದಲೋ? ಎರಡನೇದು ನಿಜ ಆಗಿದ್ರೆ ಬೆಂಕಿ ಯಾಕೆ ಬೇಕು, ಸುಮ್ಮನೆ ಒತ್ತಿದರೆ ಸಾಕಲ್ಲ?

ಒತ್ತಿದರು. ಆದರೆ ಸಿಕ್ಕ ಸಿಕ್ಕ ಹರಳನ್ನೆಲ್ಲ ಒತ್ತಲಿಲ್ಲ, ನನಗೆ ತುಂಬಾ ಇಷ್ಟ ಆಗಿದ್ದು ಇದೇ. ಅಡುಗೆ ಉಪ್ಪಿನ ಹರಳನ್ನು ತಗೊಳ್ಳಿ. ಅದರ ನಡು ಬಿಂದುವಿನಿಂದ ಯಾವ ದಿಕ್ಕಿಗೆ ಹೋದರೂ ಏನು ಸಿಗುತ್ತೋ, ನೇರ ಉಲ್ಟಾ ದಿಕ್ಕಿಗೆ ಹೋದರೂ ಅದೇ ಸಿಗುತ್ತೆ. ಅಂಥ ಹರಳನ್ನು ಒತ್ತಿದರೆ ಈ ಕಡೆ ಪ್ಲಸ್, ಆ ಕಡೆ ಮೈನಸ್ ಅಂತ ಆಗೋಕೆ ಕಾರಣವೇ ಇಲ್ಲ, ಎರಡೂ ಕಡೆ ಒಂದೇ ಥರ ಇದೆಯಲ್ಲ. ನಡುವಿನಲ್ಲಿ ಆ ಸಮ್ಮಿತಿ ಇಲ್ಲದ ಹರಳುಗಳಲ್ಲಿ ಮಾತ್ರ ಚಾರ್ಜ್ ಬರಬೇಕು, ಅದೂ ಸರಿಯಾದ ದಿಕ್ಕಿಗೆ ಕತ್ತರಿಸಿದ್ರೆ ಮಾತ್ರ. ಹೀಗೆ ಮೊದಲೇ ಲೆಕ್ಕ ಹಾಕಿ ಹರಳು ಆರಿಸಿದರು. ಟೂರ್ಮಲಿನ್, ಕ್ವಾರ್ಟ್ಜ್ ಅಂದ್ರೆ ನಮ್ಮ ಬೆಣಚುಕಲ್ಲಿನ ಶುದ್ಧ ಹರಳು, ಪುಷ್ಯರಾಗ, ರಾಶೆಲ್ ಉಪ್ಪು, ಕೊನೆಗೆ ಕಬ್ಬಿನ ಸಕ್ಕರೆ ಕೂಡ. ತೆಳುವಾಗಿ ಕತ್ತರಿಸಿ, ಎರಡೂ ಮುಖಕ್ಕೆ ತವರದ ಹಾಳೆ ಅಂಟಿಸಿ, ತಂತಿ ಕಟ್ಟಿ ಎಲೆಕ್ಟ್ರೋಮೀಟರ್‌ಗೆ ಜೋಡಿಸಿದರು. ಒತ್ತಿದಾಗ ಮುಳ್ಳು ಒಂದು ಕಡೆ, ಬಿಟ್ಟಾಗ ಇನ್ನೊಂದು ಕಡೆ. ತೂಕ ಎರಡು ಪಟ್ಟು ಮಾಡಿದರೆ ಚಾರ್ಜೂ ಎರಡು ಪಟ್ಟು. 1880ರ ಆಗಸ್ಟ್‌ನಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಗೆ ಅವರ ಪೇಪರ್ ಹೋಯ್ತು. ಮರುವರ್ಷ ಇದಕ್ಕೆ ಪೀಜೋ ವಿದ್ಯುತ್ ಅಂತ ಹೆಸರಿಟ್ಟವರು ಜರ್ಮನಿಯ ಹಾಂಕೆಲ್. ಗ್ರೀಕಿನಲ್ಲಿ ಪೀಜೋ ಅಂದ್ರೆ ಒತ್ತು ಅಂತ. ಅಡುಗೆಮನೆಯಲ್ಲಿ ಟಕ್ ಅಂತ ಕಿಡಿ ಹಾರಿಸೋ ಗ್ಯಾಸ್ ಲೈಟರ್ ಒಳಗಿರೋದು ಇದೇ.

ಇದು ಅರ್ಧ ಕಥೆ. ಒತ್ತಿದರೆ ವೋಲ್ಟೇಜ್ ಬರುತ್ತೆ ಅನ್ನೋದು ಕಿವಿಯ ಕೆಲಸ ಆಯ್ತು, ಬಾಯಿ ಎಲ್ಲಿ? ವೋಲ್ಟೇಜ್ ಕೊಟ್ಟರೆ ಹರಳು ತಾನೇ ಹಿಗ್ಗಿ ಕುಗ್ಗಬೇಕು ಅಂತ ಅಣ್ಣ-ತಮ್ಮಂದಿರಿಗೆ ಹೊಳೆದಿರಲಿಲ್ಲ. 1881ರಲ್ಲಿ ಗೇಬ್ರಿಯಲ್ ಲಿಪ್‌ಮನ್ ಅನ್ನೋ ಇನ್ನೊಬ್ಬ ಫ್ರೆಂಚ್ ಭೌತವಿಜ್ಞಾನಿ ಥರ್ಮೋಡೈನಮಿಕ್ಸ್ ಸಮೀಕರಣಗಳಿಂದ ಹಾಗೆ ಆಗಲೇಬೇಕು ಅಂತ ತೋರಿಸಿದರು. ಅದೇ ವರ್ಷ ಕ್ಯೂರಿ ಸಹೋದರರು ಪ್ರಯೋಗ ಮಾಡಿ ನಿಜ ಅಂತ ಖಚಿತಪಡಿಸಿದರು. ಇದು ಎಷ್ಟು ಕಷ್ಟದ ಅಳತೆ ಅಂತ ನೋಡಿ. ಕ್ವಾರ್ಟ್ಜ್‌ಗೆ 1000 ವೋಲ್ಟ್ ಕೊಟ್ಟರೂ ಅದರ ದಪ್ಪ ಬದಲಾಗೋದು ಸುಮಾರು 2 ನ್ಯಾನೋಮೀಟರ್. 1881ರಲ್ಲಿ!

ಆಮೇಲೆ ಜೋಡಿ ಮುರಿಯಿತು. ಜಗಳ ಏನೂ ಇಲ್ಲ, 1883ರಲ್ಲಿ ಜಾಕ್‌ಗೆ ಮೊಂಪೆಲಿಯೆ ಊರಲ್ಲಿ ಲೆಕ್ಚರರ್ ಕೆಲಸ ಸಿಕ್ಕಿತು. ಪಿಯರ್ ಅದಕ್ಕೆ ಮುಂಚೆಯೇ, 1882ರಲ್ಲಿ, ಪ್ಯಾರಿಸ್‌ನಲ್ಲಿ ಹೊಸದಾಗಿ ಶುರುವಾದ ಕೈಗಾರಿಕಾ ಭೌತ-ರಸಾಯನ ಶಾಲೆಗೆ ಸೇರಿದ್ದರು. ಒಂದು ರೀತಿಯಲ್ಲಿ ಅದು ಇಂಜಿನಿಯರಿಂಗ್ ಕಾಲೇಜೇ, ಕಾರ್ಖಾನೆಗಳಿಗೆ ಬೇಕಾದ ಹುಡುಗರನ್ನು ತಯಾರು ಮಾಡೋ ಜಾಗ. ಆಗಿನ ಫ್ರಾನ್ಸ್‌ನ ದೊಡ್ಡ ದೊಡ್ಡ ಸಂಸ್ಥೆಗಳ ಮುಂದೆ ಅದಕ್ಕೆ ಹೆಸರಿರಲಿಲ್ಲ. ಪಿಯರ್ ಅಲ್ಲಿ 22 ವರ್ಷ ಪಾಠ ಮಾಡಿದರು. ಸಂಬಳ ಒಬ್ಬ ಕಾರ್ಖಾನೆ ಕೆಲಸಗಾರನಷ್ಟು. ಸ್ವಂತ ಲ್ಯಾಬ್ ಇರಲಿಲ್ಲ. ಮೆಟ್ಟಿಲಿಗೂ ಇನ್ನೊಂದು ರೂಮಿಗೂ ನಡುವೆ ಇದ್ದ ಕಿರಿದಾದ ಕಾರಿಡಾರ್‌ನಲ್ಲಿ ಅವರ ಪ್ರಯೋಗ ನಡೀತಿತ್ತು. ಲ್ಯಾಬ್ ಇಲ್ಲ ಅಂತ ಪ್ರಾಜೆಕ್ಟ್ ಬಿಟ್ಟವರು ಯಾರಾದ್ರೂ ಈ ಪ್ಯಾರಾ ಓದ್ತಿದ್ರೆ, ನಾನು ಏನೂ ಹೇಳಲ್ಲ.

ಆ ಕಾರಿಡಾರ್‌ನಲ್ಲೇ ಮ್ಯಾಗ್ನೆಟಿಸಂ ಮೇಲಿನ ಕೆಲಸ ಆಯ್ತು. ಕಬ್ಬಿಣವನ್ನು ಕಾಯಿಸ್ತಾ ಹೋದರೆ ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಅಯಸ್ಕಾಂತ ಗುಣ ಹೊರಟುಹೋಗುತ್ತೆ. ಫಸ್ಟ್ ಇಯರ್ ಫಿಸಿಕ್ಸ್‌ನಲ್ಲಿ ಕ್ಯೂರಿ ಟೆಂಪರೇಚರ್ ಅಂತ ಎರಡು ಮಾರ್ಕ್ಸ್‌ಗೆ ಬರೀತೀವಲ್ಲ, ಅದು ಈ ಪಿಯರ್ ಹೆಸರು, ಮೇರಿ ಹೆಸರಲ್ಲ. 1895ರಲ್ಲಿ, 35 ವರ್ಷ ಆದಮೇಲೆ, ಇದೇ ಕೆಲಸಕ್ಕೆ ಡಾಕ್ಟರೇಟ್ ತಗೊಂಡರು. ಅಷ್ಟು ಹೊತ್ತಿಗೆ ಲಾರ್ಡ್ ಕೆಲ್ವಿನ್ ಅಂಥವರೇ ಇವರ ಕ್ವಾರ್ಟ್ಜ್ ಉಪಕರಣದ ಬಗ್ಗೆ ಇವರ ಜೊತೆ ಪತ್ರ ವ್ಯವಹಾರ ಮಾಡ್ತಿದ್ದರು. ಹೊರಗಿನವರಿಗೆ ಗೊತ್ತಿತ್ತು. ಸ್ವಂತ ಊರಿನ ವಿಶ್ವವಿದ್ಯಾಲಯ 1898ರಲ್ಲಿ ಒಂದು ಪ್ರೊಫೆಸರ್ ಹುದ್ದೆ ಕೊಡಲಿಲ್ಲ, 1902ರಲ್ಲಿ ಇನ್ನೊಂದು ಕೊಡಲಿಲ್ಲ. ಅದೇ 1902ರಲ್ಲಿ ವಿಜ್ಞಾನ ಅಕಾಡೆಮಿಯ ಚುನಾವಣೆಯಲ್ಲೂ ಸೋತರು. ಮನೆಮನೆಗೆ ಹೋಗಿ ಸದಸ್ಯರನ್ನು ಭೇಟಿಯಾಗಿ ವೋಟು ಕೇಳೋ ಪದ್ಧತಿ ಇತ್ತು, ಅದು ಅವರಿಗೆ ಒಗ್ಗುತ್ತಿರಲಿಲ್ಲ. ಸರ್ಕಾರ ಬಿರುದು ಕೊಡ್ತೀವಿ ಅಂದಾಗ ಬೇಡ, ತಮಗೆ ಬೇಕಿರೋದು ಲ್ಯಾಬ್ ಅಂತ ಹೇಳಿ ಕಳಿಸಿದರು.

ಮೇರಿ ಸ್ಕ್ಲೊಡೊವ್ಸ್ಕಾ ಪರಿಚಯ ಆಗಿದ್ದು 1894ರಲ್ಲಿ. ಪೋಲೆಂಡ್‌ನಿಂದ ಓದೋಕೆ ಬಂದಿದ್ದ ಹುಡುಗಿ. 1895ರ ಜುಲೈನಲ್ಲಿ ಮದುವೆ. ಉಡುಗೊರೆಯಾಗಿ ಬಂದ ದುಡ್ಡಲ್ಲಿ ಎರಡು ಸೈಕಲ್ ತಗೊಂಡು ಹಳ್ಳಿ ಸುತ್ತೋಕೆ ಹೊರಟರು. ಮುಂದಿನ ಕಥೆ ಎಲ್ಲರಿಗೂ ಗೊತ್ತು, ಆದರೆ ಅದರಲ್ಲಿ ಹರಳಿನ ಪಾತ್ರ ಯಾರೂ ಹೇಳಲ್ಲ. ಮೇರಿ ಯುರೇನಿಯಂ ಕಿರಣಗಳನ್ನು ಅಳೆಯಬೇಕಿತ್ತು. ಆ ಕಿರಣ ಗಾಳಿಯಲ್ಲಿ ಹುಟ್ಟಿಸೋ ಕರೆಂಟ್ ಎಷ್ಟು ಚಿಕ್ಕದು ಅಂದ್ರೆ ಮಾಮೂಲಿ ಮೀಟರ್‌ಗೆ ಗೊತ್ತೇ ಆಗಲ್ಲ. ಪಿಯರ್-ಜಾಕ್ ಮಾಡಿಟ್ಟಿದ್ದ ಕ್ವಾರ್ಟ್ಜ್ ಪಟ್ಟಿಗೆ ಗೊತ್ತಿರೋ ತೂಕ ನೇತುಹಾಕಿದರೆ ಗೊತ್ತಿರೋ ಚಾರ್ಜ್ ಬರುತ್ತೆ. ಕಿರಣದಿಂದ ಬರೋ ಚಾರ್ಜನ್ನು ಅದರ ಎದುರು ಸರಿತೂಗಿಸಿ, ಎಷ್ಟು ಸೆಕೆಂಡ್ ಆಯ್ತು ಅಂತ ನೋಡಿದರೆ ಕರೆಂಟ್ ಸಿಕ್ಕಿತು. ತರಕಾರಿ ಅಂಗಡಿ ತಕ್ಕಡಿ ಥರಾನೇ. 1898ರ ಜುಲೈನಲ್ಲಿ ಪೊಲೋನಿಯಂ, ಡಿಸೆಂಬರ್‌ನಲ್ಲಿ ರೇಡಿಯಂ, ಎರಡೂ ಈ ತಕ್ಕಡಿಯಿಂದಲೇ ಹೊರಬಂದವು.

1903ರಲ್ಲಿ ಬೆಕೆರೆಲ್, ಪಿಯರ್, ಮೇರಿ ಮೂವರಿಗೂ ಸೇರಿ ನೊಬೆಲ್. ರೇಡಿಯಂ ತೆಗೆಯೋ ವಿಧಾನಕ್ಕೆ ಗಂಡ-ಹೆಂಡತಿ ಪೇಟೆಂಟ್ ತಗೊಳ್ಳಲಿಲ್ಲ. ಪಿಯರ್ ತಮ್ಮ ತೋಳಿನ ಮೇಲೆ ಗಂಟೆಗಟ್ಟಲೆ ರೇಡಿಯಂ ಇಟ್ಟುಕೊಂಡು ಚರ್ಮ ಹೇಗೆ ಸುಡುತ್ತೆ ಅಂತ ನೋಡಿ ಬರೆದಿಟ್ಟರು. ಆರೋಗ್ಯ ಕೆಡ್ತಾ ಬಂತು, ಕಾಲು ನೋವು, ವಿಪರೀತ ಸುಸ್ತು. 1904ರಲ್ಲಿ ಕೊನೆಗೂ ಸಾರ್ಬಾನ್‌ನಲ್ಲಿ ಪ್ರೊಫೆಸರ್ ಆದರು. 1905ರಲ್ಲಿ ಅಕಾಡೆಮಿಯೂ ಸೇರಿಸಿಕೊಂಡಿತು. 1906ರ ಏಪ್ರಿಲ್ 19, ಮಳೆ ಬರ್ತಿತ್ತು. ಪ್ಯಾರಿಸ್‌ನ ಡಾಫಿನ್ ರಸ್ತೆ ದಾಟುವಾಗ ಮಿಲಿಟರಿ ಬಟ್ಟೆ ತುಂಬಿದ್ದ ಭಾರಿ ಕುದುರೆಗಾಡಿಗೆ ಸಿಕ್ಕಿ ಬಿದ್ದರು, ಹಿಂದಿನ ಚಕ್ರ ತಲೆ ಮೇಲೆ ಹರಿಯಿತು. ವಯಸ್ಸು 46. ದೊಡ್ಡ ಮಗಳು ಐರೀನ್‌ಗೆ 8 ವರ್ಷ, ಚಿಕ್ಕವಳು ಈವ್‌ಗೆ ಎರಡೂ ತುಂಬಿರಲಿಲ್ಲ.

ಪೀಜೋ ಹರಳು ಮುಂದೆ ಏನಾಗುತ್ತೆ ಅಂತ ಅವರು ನೋಡಲೇ ಇಲ್ಲ. ಅವರು ಸತ್ತಾಗ ಅದು ಲ್ಯಾಬ್‌ನ ಒಂದು ಅಳತೆ ಸಾಮಾನು ಅಷ್ಟೇ.

ಅದನ್ನು ಹೊರಗೆ ತಂದವರು ಅವರ ಸ್ಟೂಡೆಂಟ್. ಪಾಲ್ ಲಾಂಜೆವಿನ್ 1888ರಲ್ಲಿ, 16 ವರ್ಷದವರಿದ್ದಾಗ, ಪಿಯರ್ ಪಾಠ ಮಾಡ್ತಿದ್ದ ಆ ಕಾಲೇಜಿಗೆ ಸೇರಿದ್ದರು. ಪಿಯರ್ ಕೈಕೆಳಗೆ ಪ್ರಾಕ್ಟಿಕಲ್ಸ್ ಮಾಡಿದವರು, ಮುಂದೆ ಅವರ ಜಾಗಕ್ಕೇ ಮೇಷ್ಟ್ರಾಗಿ ಬಂದವರು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸಬ್‌ಮರೀನ್‌ಗಳು ಹಡಗು ಮುಳುಗಿಸ್ತಿದ್ದವು. 1915ರಲ್ಲಿ ರಷ್ಯಾದ ಕಾನ್‌ಸ್ಟಾಂಟಿನ್ ಚಿಲೋವ್ಸ್ಕಿ ನೀರಿನೊಳಗೆ ಶಬ್ದ ಕಳಿಸಿ ಪ್ರತಿಧ್ವನಿ ಕೇಳೋ ಐಡಿಯಾ ಮುಂದಿಟ್ಟರು. ಅಷ್ಟು ಜೋರಾಗಿ, ಅಷ್ಟು ಹೆಚ್ಚು ಫ್ರೀಕ್ವೆನ್ಸಿಯಲ್ಲಿ ನೀರನ್ನು ಅದುರಿಸೋದು ಯಾವುದರಿಂದ? ಲಾಂಜೆವಿನ್‌ಗೆ ಮೇಷ್ಟ್ರ ಕ್ವಾರ್ಟ್ಜ್ ನೆನಪಾಯ್ತು. 1917ರಲ್ಲಿ ಅದನ್ನು ಹಿಡಿದು ಕೆಲಸ ಶುರು ಮಾಡಿದರು. ಎರಡು ಉಕ್ಕಿನ ತಟ್ಟೆಗಳ ನಡುವೆ ಕ್ವಾರ್ಟ್ಜ್ ಚೂರುಗಳನ್ನು ಸ್ಯಾಂಡ್‌ವಿಚ್ ಥರ ಅಂಟಿಸಿದರು. 1918ರಲ್ಲಿ ಸಬ್‌ಮರೀನ್‌ನಿಂದ ಪ್ರತಿಧ್ವನಿ ಬಂತು. ಹರಳು ಕಂಡುಹಿಡಿದು 38 ವರ್ಷ ಆಗಿತ್ತು.

ಸಮುದ್ರದಿಂದ ಹೃದಯಕ್ಕೆ ಬಂದಿದ್ದು ಹಡಗು ಕಟ್ಟೋ ಕಾರ್ಖಾನೆ ಮೂಲಕ, ನಿಜವಾಗ್ಲೂ. ಉಕ್ಕಿನಲ್ಲಿ ಬಿರುಕು ಹುಡುಕೋಕೆ ಅಲ್ಟ್ರಾಸೌಂಡ್ ಯಂತ್ರಗಳು ಬಂದಿದ್ದವು. ಸ್ವೀಡನ್‌ನ ಲುಂಡ್ ಊರಿನ ಹೃದಯ ವೈದ್ಯ ಇಂಗೆ ಎಡ್ಲರ್, ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಜ್ ಇಬ್ಬರೂ ಮಾಲ್ಮೋ ಊರಿನ ಕೊಕುಮ್ಸ್ ಹಡಗು ಕಾರ್ಖಾನೆಯಿಂದ ಅಂಥ ಒಂದು ಯಂತ್ರ ಎರವಲು ತಂದು, 1953ರ ಅಕ್ಟೋಬರ್‌ನಲ್ಲಿ ಬಡಿಯುತ್ತಿರೋ ಹೃದಯದ ಪ್ರತಿಧ್ವನಿ ದಾಖಲಿಸಿದರು. ಇವತ್ತು ಪ್ರತಿ ಆಸ್ಪತ್ರೆಯಲ್ಲಿ ಎಕೋ ಅಂತ ಮಾಡ್ತಾರಲ್ಲ, ಅದರ ಶುರು. ಆದರೆ ಎದೆ ಮೇಲಿಂದ ನೋಡಿದರೆ ಕರೋನರಿ ರಕ್ತನಾಳದ ಗೋಡೆ ಅಷ್ಟು ಚೆನ್ನಾಗಿ ಕಾಣಲ್ಲ. 1970ರ ದಶಕದ ಶುರುವಿನಲ್ಲಿ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ನಿಕೋಲಾಸ್ ಬಾಮ್ ಅನ್ನೋ ಇಂಜಿನಿಯರ್ ಕ್ಯಾಥೆಟರ್ ತುದಿಯ ಸುತ್ತ 32 ಚೂರುಗಳನ್ನು ಬಳೆಯ ಹಾಗೆ ಜೋಡಿಸಿ ಹೃದಯದ ಒಳಗಿನಿಂದಲೇ ಚಿತ್ರ ತೆಗೆಯೋ ಸಾಧನ ಮಾಡಿದರು. ಅದು ಕರೋನರಿಗೆ ಹೋಗುವಷ್ಟು ಸಣ್ಣಗಾಗೋಕೆ ಇನ್ನೂ ಸುಮಾರು 15 ವರ್ಷ ಬೇಕಾಯ್ತು. 1980ರ ದಶಕದ ಕೊನೆಯಲ್ಲಿ ಅಮೆರಿಕದ ಪಾಲ್ ಯಾಕ್ ಮಾಡಿದ ಸಾಧನದಲ್ಲಿ ಚೂರು ಒಂದೇ, ಅದೇ ಗಿರಗಿರ ತಿರುಗಿ ಸುತ್ತಲೂ ನೋಡುತ್ತೆ.

ಈಗ ಸ್ವಲ್ಪ ಲೆಕ್ಕ ಮಾಡೋಣ, ಹೇಗಿದ್ರೂ ಓದ್ತಿರೋರು ಇಂಜಿನಿಯರಿಂಗ್‌ನವರೇ. ಈ ಚೂರು ಈಗ ಕ್ವಾರ್ಟ್ಜ್ ಅಲ್ಲ, ಹೆಚ್ಚಾಗಿ ಪಿಝಡ್‌ಟಿ ಅನ್ನೋ ಸೆರಾಮಿಕ್. ವೋಲ್ಟೇಜ್‌ಗೆ ಕ್ವಾರ್ಟ್ಜ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಹಿಗ್ಗುತ್ತೆ. ಇದನ್ನೂ ಒಂದು ಮಿತಿ ಮೀರಿ ಕಾಯಿಸಿದರೆ ಪೀಜೋ ಗುಣ ಹೋಗಿಬಿಡುತ್ತೆ. ಆ ಮಿತಿಗೆ ಕ್ಯೂರಿ ಟೆಂಪರೇಚರ್ ಅಂತಲೇ ಹೆಸರು, ಹಾಗಾಗಿ ಕಾರಿಡಾರ್‌ನ ಕೆಲಸವೂ ಕ್ಯಾಥೆಟರ್ ಒಳಗೆ ಬಂದ ಹಾಗಾಯ್ತು. ಫ್ರೀಕ್ವೆನ್ಸಿ 20ರಿಂದ 60 ಮೆಗಾಹರ್ಟ್ಜ್. 40 ಅಂತ ಇಟ್ಟುಕೊಳ್ಳಿ. ದೇಹದೊಳಗೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್, ಹಾಗಾದ್ರೆ ವೇವ್‌ಲೆಂಗ್ತ್ ಸುಮಾರು 38 ಮೈಕ್ರೋಮೀಟರ್. ಸೆರಾಮಿಕ್‌ನ ದಪ್ಪ ಅದರೊಳಗಿನ ವೇವ್‌ಲೆಂಗ್ತ್‌ನ ಅರ್ಧ ಇರಬೇಕು, ಅಲ್ಲಿ ವೇಗ ಸೆಕೆಂಡಿಗೆ ಸುಮಾರು 4000 ಮೀಟರ್ ಅಂದ್ರೆ ದಪ್ಪ 50 ಮೈಕ್ರೋಮೀಟರ್. 3 ಮಿಲಿಮೀಟರ್ ದೂರದ ಗೋಡೆಯಿಂದ ಪ್ರತಿಧ್ವನಿ ವಾಪಸ್ ಬರೋಕೆ 4 ಮೈಕ್ರೋಸೆಕೆಂಡ್ ಕೂಡ ಬೇಡ. ಸುತ್ತಲೂ ಹೀಗೆ ಕೇಳಿಸಿಕೊಂಡು, ಮೋಟರ್‌ನಿಂದ ಸೆಕೆಂಡಿಗೆ ಅರ್ಧ ಮಿಲಿಮೀಟರ್ ಹಿಂದೆ ಎಳೆಯುತ್ತಾ ಬಂದರೆ ಇಡೀ ರಕ್ತನಾಳದ ಚಿತ್ರ ಸಿಗುತ್ತೆ. ನಾರು ಬೆಳ್ಳಗೆ, ಕೊಬ್ಬು ಕಪ್ಪಗೆ, ಕ್ಯಾಲ್ಸಿಯಂ ತುಂಬಾ ಬೆಳ್ಳಗೆ, ಅದರ ಹಿಂದೆ ಬರೀ ನೆರಳು.

ಕಷ್ಟ ಇರೋದು ಇಲ್ಲಿ. ಪಲ್ಸ್ ಒಂದೇ ವೇವ್ ಉದ್ದ ಇರಲ್ಲ, ಹಾಗಾಗಿ ಇಂಥ ಕ್ಯಾಥೆಟರ್‌ಗಳು ಬೇರೆ ಬೇರೆ ಅಂತ ಗುರುತಿಸೋ ದೂರ ಸುಮಾರು 100 ಮೈಕ್ರೋಮೀಟರ್. ನಮಗೆ ಬೇಕಿರೋ ಮುಚ್ಚಳ 65. ಮುಚ್ಚಳವೇ ಕಾಣಲ್ಲ! ಫ್ರೀಕ್ವೆನ್ಸಿ ಜಾಸ್ತಿ ಮಾಡಿದರೆ ಸೂಕ್ಷ್ಮವಾಗಿ ಕಾಣುತ್ತೆ, ಆದರೆ ಶಬ್ದ ಗೋಡೆಯೊಳಗೆ ಆಳಕ್ಕೆ ಹೋಗಲ್ಲ. ಬೆಳಕಿನಿಂದ ನೋಡೋ ಓಸಿಟಿ ಕ್ಯಾಥೆಟರ್‌ಗೆ 10ರಿಂದ 20 ಮೈಕ್ರೋಮೀಟರ್ ಕಾಣುತ್ತೆ, ಆದರೆ ಅದಕ್ಕೆ ಮುಂದಿರೋ ರಕ್ತವನ್ನು ತೊಳೆದು ಸರಿಸಬೇಕು, ಆಳವೂ 1-2 ಮಿಲಿಮೀಟರ್ ಅಷ್ಟೇ.

ಇದಕ್ಕೆ ಸಿಗ್ನಲ್ ಪ್ರಾಸೆಸಿಂಗ್‌ನವರು ಒಂದು ದಾರಿ ಹುಡುಕಿದರು. ಪ್ರತಿಧ್ವನಿ ಎಷ್ಟು ಜೋರು ಅಂತ ಮಾತ್ರ ನೋಡದೆ, ಅದರಲ್ಲಿ ಯಾವ ಯಾವ ಫ್ರೀಕ್ವೆನ್ಸಿ ಎಷ್ಟೆಷ್ಟಿದೆ ಅಂತ ಬಿಡಿಸಿ ನೋಡಿದರು. ನಾರು, ನಾರು-ಕೊಬ್ಬು, ಸತ್ತ ಮುದ್ದೆ, ಕ್ಯಾಲ್ಸಿಯಂ, ನಾಲ್ಕಕ್ಕೆ ನಾಲ್ಕು ಬಣ್ಣ. ಮುದ್ದೆಗೆ ಕೆಂಪು. ಕೆಂಪು ಬಣ್ಣ ರಕ್ತದ ದಾರಿಗೆ ತಾಕಿಕೊಂಡೇ ಕಂಡರೆ, ನಡುವೆ ಇರೋ ಮುಚ್ಚಳ ಕಾಣದಷ್ಟು ತೆಳು ಅಂತ ಲೆಕ್ಕ. ಕಾಣದೇ ಇರೋದನ್ನೇ ಸಾಕ್ಷಿ ಮಾಡಿಕೊಂಡ ಹಾಗೆ. ಕ್ಯಾಲ್ಸಿಯಂ ಸುತ್ತ ಇದು ಸುಮ್ಮನೆ ಕೆಂಪು ತೋರಿಸುತ್ತೆ ಅನ್ನೋ ತಕರಾರೂ ಇದೆ, ಅದು ಸಣ್ಣ ತಕರಾರಲ್ಲ.

ಪ್ರಾಸ್ಪೆಕ್ಟ್ ಅನ್ನೋ ಅಧ್ಯಯನ 2011ರಲ್ಲಿ ಪ್ರಕಟ ಆಯ್ತು. 697 ರೋಗಿಗಳ ಮೂರೂ ಕರೋನರಿಗಳನ್ನು ಈ ವಿಧಾನದಲ್ಲಿ ನೋಡಿ ಮೂರು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. ಮುಂದೆ ತೊಂದರೆ ಕೊಟ್ಟಿದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಮೊದಲು ಚಿಕಿತ್ಸೆ ಆಗಿರದ ಜಾಗಗಳು, ಅವುಗಳಲ್ಲಿ ಹಲವು ಆಂಜಿಯೋಗ್ರಾಮ್‌ನಲ್ಲಿ ಏನೂ ಅಲ್ಲ ಅನ್ನೋ ಹಾಗೆ ಕಂಡಿದ್ದವು. ಪ್ಲಾಕ್ 70% ಅಥವಾ ಹೆಚ್ಚು, ದಾರಿಯ ವಿಸ್ತೀರ್ಣ 4 ಚದರ ಮಿಲಿಮೀಟರ್ ಅಥವಾ ಕಡಿಮೆ, ಜೊತೆಗೆ ತೆಳು ಮುಚ್ಚಳ, ಈ ಮೂರೂ ಸೇರಿದ ಜಾಗಗಳಲ್ಲೂ ಮೂರು ವರ್ಷದಲ್ಲಿ ತೊಂದರೆ ಕೊಟ್ಟಿದ್ದು ಸುಮಾರು 18%. ಇದನ್ನು ಎರಡು ಥರ ಓದಬಹುದು. ಕಾಣದ ಶತ್ರು ಕಂಡ ಅನ್ನಬಹುದು. ನೂರಕ್ಕೆ 82 ಸುಮ್ಮನೇ ಇದ್ದವಲ್ಲ, ಅವಕ್ಕೆಲ್ಲ ಸ್ಟೆಂಟ್ ಹಾಕ್ತೀರಾ ಅಂತಲೂ ಕೇಳಬಹುದು. 2024ರಲ್ಲಿ ದಕ್ಷಿಣ ಕೊರಿಯಾದ ವೈದ್ಯರ ಮುಂದಾಳತ್ವದ ಪ್ರಿವೆಂಟ್ ಅಧ್ಯಯನ ಅದನ್ನೇ ಪರೀಕ್ಷೆ ಮಾಡಿತು. 1606 ಜನ. ಅರ್ಧ ಜನಕ್ಕೆ ಇಂಥ ಪ್ಲಾಕ್‌ಗೆ ಮುಂಚೆಯೇ ಸ್ಟೆಂಟ್ ಮತ್ತು ಮಾತ್ರೆ, ಉಳಿದವರಿಗೆ ಬರೀ ಮಾತ್ರೆ. ಎರಡು ವರ್ಷದಲ್ಲಿ ತೊಂದರೆ ಆದವರು ಮೊದಲ ಗುಂಪಲ್ಲಿ 0.4%, ಎರಡನೇದರಲ್ಲಿ 3.4%. ವ್ಯತ್ಯಾಸದ ಹೆಚ್ಚಿನ ಪಾಲು ಎದೆನೋವಿಗೆ ಆಸ್ಪತ್ರೆ ಸೇರಿದ್ದು, ಮತ್ತೆ ಪ್ರೊಸೀಜರ್ ಬೇಕಾಗಿದ್ದು ಇಂಥವು. ಸಾವಿನ ವ್ಯತ್ಯಾಸ ಚಿಕ್ಕದು. ನನಗಂತೂ ಎಲ್ಲರಿಗೂ ಸ್ಟೆಂಟ್ ಅನ್ನೋಕೆ ಇದು ಇನ್ನೂ ಸಾಲದು ಅನ್ಸುತ್ತೆ. ಈಗ ಶಬ್ದ, ಬೆಳಕು ಎರಡನ್ನೂ ಒಂದೇ ಕ್ಯಾಥೆಟರ್‌ನಲ್ಲಿ ಕೂರಿಸಿ, ಆಳ ಒಂದರಿಂದ, ಮುಚ್ಚಳ ಇನ್ನೊಂದರಿಂದ ನೋಡೋ ಸಾಧನಗಳು ಬಂದಿವೆ.

ಪಿಯರ್ ಮತ್ತು ಮೇರಿಯ ಅವಶೇಷಗಳನ್ನು 1995ರಲ್ಲಿ ಪ್ಯಾರಿಸ್‌ನ ಪ್ಯಾಂಥಿಯಾನ್‌ಗೆ, ಅಂದ್ರೆ ಫ್ರಾನ್ಸ್ ತನ್ನ ದೊಡ್ಡವರನ್ನು ಇಡೋ ಜಾಗಕ್ಕೆ, ಸ್ಥಳಾಂತರಿಸಿದರು. ಸ್ಟೂಡೆಂಟ್ ಲಾಂಜೆವಿನ್ 1948ರಲ್ಲೇ ಅಲ್ಲಿಗೆ ಬಂದಿದ್ದರು, ಮೇಷ್ಟ್ರಿಗಿಂತ 47 ವರ್ಷ ಮೊದಲು.